ಎಲೆಕ್ಟ್ರಿಕ್ ಸ್ಟೀರಿಂಗಿನ ದೀಪ ಹೊತ್ತಿದರೆ: ಕಾರವಾರದ ಆಟೋ ಎಲೆಕ್ಟ್ರಿಷಿಯನ್ ಅವರಿಗೆ ಬೇರೆ ಬೇರೆ ಊರಿನವರ ಪ್ರಶ್ನೆಗಳು

ಕುಮಟಾ: ಅಣ್ಣಾ, ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಸ್ಟೀರಿಂಗ್ ದೀಪ ಹೊತ್ತುತ್ತದೆ, ತಿರುಗಿಸಲು ಬಹಳ ಗಟ್ಟಿ. ಆಮೇಲೆ ಸರಿಯಾಗುತ್ತದೆ. ಕಾಲಮ್ಮನ್ನೇ (ಸ್ಟೀರಿಂಗ್ ಚಕ್ರದ ಕೆಳಗಿನ ಕಂಬ) ಬದಲಿಸಬೇಕಂತೆ.

ಎಲೆಕ್ಟ್ರಿಷಿಯನ್: ಮೊದಲು ಬ್ಯಾಟರಿ ನೋಡಿಸಿ. ನಿಂತ ಗಾಡಿಯಲ್ಲಿ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಎಲೆಕ್ಟ್ರಿಕ್ ಸ್ಟೀರಿಂಗಿನಲ್ಲಿ ಚಕ್ರ ತಿರುಗಿಸಲು ಒಂದು ಮೋಟರ್ ನೆರವಾಗುತ್ತದೆ, ವೋಲ್ಟೇಜ್ ಕುಸಿದರೆ ಆ ನೆರವು ನಿಲ್ಲುತ್ತದೆ. ಅರ್ಥಿಂಗ್ ಬೋಲ್ಟನ್ನೂ (ಬ್ಯಾಟರಿಯ ನೆಗೆಟಿವ್ ತಂತಿಯನ್ನು ಗಾಡಿಯ ಬಾಡಿಗೆ ಸೇರಿಸುವುದು) ಬಿಚ್ಚಿಸಿ ನೋಡಿ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದಿರುತ್ತದೆ.

ಹೊನ್ನಾವರ: ನನ್ನದರಲ್ಲಿ ಹಾರ್ನ್ ಆಗುವುದಿಲ್ಲ, ಏರ್‌ಬ್ಯಾಗ್ ದೀಪವೂ ಹೊತ್ತಿದೆ. ಅದೇ ದೋಷವೇ?

ಶಿರಸಿ: ಸರ್, ದೇವಿಮನೆ ಘಟ್ಟ ಇಳಿಯುವಾಗ ಸ್ಟೀರಿಂಗ್ ತಾನಾಗಿಯೇ ಬಲಕ್ಕೆ ಎಳೆಯಿತು. ದೀಪ ಹೊತ್ತಿ ಆರಿತು. ಅಲೈನ್‌ಮೆಂಟ್ ಮಾಡಿಸಿಯಾಗಿದೆ.

ಎಲೆಕ್ಟ್ರಿಷಿಯನ್: ಶಿರಸಿಯವರೇ, ಆ ಗಾಡಿ ಓಡಿಸಬೇಡಿ. ಟೈರಿನ ಗಾಳಿ ಕಡಿಮೆಯಾದರೂ ಬ್ರೇಕ್ ಹಿಡಿದುಕೊಂಡರೂ ಗಾಡಿ ಎಳೆಯುತ್ತದೆ, ಆದರೆ ಸ್ಟೀರಿಂಗ್ ದೀಪ ಹೊತ್ತುವುದಿಲ್ಲ. ನೀವು ಸ್ಟೀರಿಂಗ್ ಚಕ್ರ ತಿರುಗಿಸಿದಾಗ ಕಾಲಮ್ಮಿನೊಳಗಿನ ತೆಳು ಸರಳು ತುಸು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಟಾರ್ಕ್ (ತಿರುಗಿಸುವ ಬಲ) ಸೆನ್ಸರ್ ಅಳೆದು ಹೇಳಿದಷ್ಟು ಮೋಟರ್ ತಳ್ಳುತ್ತದೆ. ಸೆನ್ಸರಿನ ಸೊನ್ನೆ, ಅಂದರೆ ತಿರುಚಿಲ್ಲದಾಗ ಅದು ತೋರಿಸಬೇಕಾದ ಅಳತೆ, ಸರಿದಿದ್ದರೆ, ನೀವು ತಿರುಗಿಸದಿದ್ದರೂ ತಿರುಗಿಸುತ್ತಿದ್ದೀರಿ ಎಂದು ಮೋಟರಿಗೆ ಸುದ್ದಿ ಹೋಗುತ್ತದೆ. ದೋಷದ ಕೋಡ್ ಓದುವ ಸ್ಕ್ಯಾನರ್ ಇರುವವರನ್ನು ಮನೆಗೇ ಕರೆಸಿ. ಕೈ ಬಿಟ್ಟಾಗ ಟಾರ್ಕ್ ಸೊನ್ನೆಯ ಹತ್ತಿರ ಇರಬೇಕು. ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಅಷ್ಟಷ್ಟೇ ಏರಬೇಕು. ಕಾಲಮ್ಮಿನ ಕನೆಕ್ಟರ್ ಬಿಚ್ಚಿಸಿ, ಪಿನ್ನುಗಳಲ್ಲಿ ಹಸಿರು ಕಿಲುಬಿದೆಯೇ ನೋಡಿ. ಕೋಡ್ ಬರೆದಿಟ್ಟುಕೊಳ್ಳುವ ಮೊದಲು ಯಾರೂ ಅಳಿಸಬಾರದು. ಸೆನ್ಸರ್ ಅಥವಾ ಕಾಲಮ್ ಬದಲಿಸಿದರೆ ಸೊನ್ನೆಯನ್ನು ಮತ್ತೆ ಹೊಂದಿಸಲೇಬೇಕು.

ಅಂಕೋಲಾ: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು: ಬ್ಯಾಟರಿ ತಂತಿ ಹತ್ತು ನಿಮಿಷ ಕಳಚಿಟ್ಟು, ಕಾಲಮ್ಮಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎಲ್ಲ ಸರಿ!

ಎಲೆಕ್ಟ್ರಿಷಿಯನ್: ಇದನ್ನು ದಯವಿಟ್ಟು ಹಬ್ಬಿಸಬೇಡಿ. ದೀಪ ಆರಿದರೂ ದೋಷ ಅಲ್ಲೇ ಇರುತ್ತದೆ. ಸ್ಪ್ರೇ ಸೆನ್ಸರಿನೊಳಗೆ ಇಳಿದರೆ ಖರ್ಚು ಯಾರದು?

ಯಲ್ಲಾಪುರ: ಹಳೆಯ, ಆಯಿಲ್ ಪಂಪಿನ ಸ್ಟೀರಿಂಗೇ ವಾಸಿ. ಈ ರಗಳೆಯೇ ಇರಲಿಲ್ಲ.

ಅಂಕೋಲಾ: ಪೈಪ್ ಸೋರಿ ಪಂಪ್ ಕೆಟ್ಟದ್ದು ಮರೆತಿರಾ?

ಯಲ್ಲಾಪುರ: ನನ್ನ ಗಾಡಿಯ ವಿಚಾರ ನಿಮಗೇಕೆ? ಫಾರ್ವರ್ಡ್ ಮಾಡುವುದಷ್ಟೇ ಗೊತ್ತು ನಿಮಗೆ.

ಭಟ್ಕಳ: ಎಲೆಕ್ಟ್ರಿಕ್ ಸ್ಟೀರಿಂಗಿಗೆ ಯಾವ ಆಯಿಲ್ ಹಾಕಬೇಕು?

ಎಲೆಕ್ಟ್ರಿಷಿಯನ್: ಯಾವುದೂ ಇಲ್ಲ.

ಗೋಕರ್ಣ: ಬೆಳಿಗ್ಗೆ ದೀಪ ಹೊತ್ತುತ್ತದೆ, ಏನು ಮಾಡಲಿ?

ಎಲೆಕ್ಟ್ರಿಷಿಯನ್: ಮೇಲೆ ಓದಿ. ಬ್ಯಾಟರಿ, ಅರ್ಥಿಂಗ್.

ಅಂಕೋಲಾ: ಯಲ್ಲಾಪುರದವರು ಮೊದಲು ಮಾತು ಹಿಂದೆಗೆದುಕೊಳ್ಳಲಿ.

ಎಲೆಕ್ಟ್ರಿಷಿಯನ್: ಇಬ್ಬರೂ ನಿಲ್ಲಿಸಿ. ಶಿರಸಿಯವರು ಉತ್ತರ ಕೊಟ್ಟಿಲ್ಲ.

ಶಿರಸಿ: ಸರ್, ನಾಳೆ ಕುಮಟಾದಲ್ಲಿ ಮದುವೆ. ನಿಧಾನ ಇಳಿಸಿದರೆ ಆಗದೇ?

ಎಲೆಕ್ಟ್ರಿಷಿಯನ್: ಆಗದು. ಬಸ್ಸಿಗೆ ಹೋಗಿ. ಕೋಡ್ ಓದಿಸಿದ ಮೇಲೆ ಫೋಟೋ ಹಾಕಿ, ಎಷ್ಟು ಹೊತ್ತಿಗಾದರೂ ನೋಡುತ್ತೇನೆ.