ಅಪ್‌ಡೇಟ್: ಕೊಳೆರೋಗದ ಪೇಪರಿನ ಹೆಸರಿನ ಜಗಳ

ಹೋದ ಮಳೆಗಾಲದಲ್ಲಿ ಕೇಳಿದ್ದೆ, ನೆನಪಿದೆಯಾ? ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟ ಸುತ್ತಿ ಕೊಳೆರೋಗದ ಸರ್ವೆ ಮಾಡಿದ್ದು 23 ಜನ. ಅದರ ಸಂಶೋಧನಾ ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಅಂತ ಜಗಳ; ಬಗೆಹರಿಸುವುದು ಹೇಗೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ನಿಮ್ಮಲ್ಲಿ ಕೆಲವರು ಹೇಳಿದ ಹಾಗೆ 'ಕ್ರೆಡಿಟ್' ಪದ್ಧತಿಯ (ಸಂಶೋಧನೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂದು ಗುರುತಿಸುವ ಪಟ್ಟಿ) 14 ಪಾತ್ರಗಳನ್ನು ಶೀಟಿಗೆ ಹಾಕಿ, ಯಾರು ಏನು ಮಾಡಿದೆವು ಅಂತ ತುಂಬಿದೆವು. ಅರ್ಧ ಜಗಳ ಅಲ್ಲೇ ಮುಗಿಯಿತು. ಇಂಬಳ ಕಚ್ಚಿಸಿಕೊಂಡು ಸ್ಯಾಂಪಲ್ ತಂದ ಹುಡುಗರ ಕೆಲಸ ಮೊದಲ ಸಲ ಕಾಗದದಲ್ಲಿ ಕಂಡಿತು.

ಆದರೆ ಈ ಪಟ್ಟಿ ಕೆಲಸ ತೋರಿಸುತ್ತದೆ ಅಷ್ಟೇ, ಲೇಖಕರು ಯಾರೆಂದು ತೀರ್ಮಾನಿಸುವುದಿಲ್ಲ. ಅದಕ್ಕೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯ (ಐಸಿಎಂಜೆಇ) 4 ಷರತ್ತು ಹಿಡಿದೆವು: ಗಣನೀಯ ಕೆಲಸ, ಬರೆಯುವುದು ಅಥವಾ ತಿದ್ದುವುದು, ಕೊನೆಯ ಒಪ್ಪಿಗೆ, ಹೊಣೆ. ನಾಲ್ಕೂ ಬೇಕು. ಬರೀ ಹಣ ತಂದರೆ ಸಾಲದು. ಇದನ್ನು ಒಬ್ಬ ಹಿರಿಯರಿಗೆ ಹೇಳುವಷ್ಟರಲ್ಲಿ ಎರಡು ಲೋಟ ಕಷಾಯ ಖಾಲಿ! ಹುಡುಗರಿಗೆ ಕರಡು ಕೊಟ್ಟು ತಿದ್ದಿಸಿದೆವು, ಅವರೂ ಲೇಖಕರಾದರು.

2015ರಲ್ಲಿ ಭೌತಶಾಸ್ತ್ರದ ಹಿಗ್ಸ್ ಎಂಬ ಸೂಕ್ಷ್ಮ ಕಣದ ತೂಕದ ಪೇಪರಿಗೆ 5,154 ಲೇಖಕರಿದ್ದರಂತೆ. ನಮ್ಮದು ಕೊನೆಗೆ 17. ಮರ ಹತ್ತಿದ ಕೊನೆಗೌಡರ (ಅಡಿಕೆ ಕೊನೆ ಕೊಯ್ಯುವವರ) ಒಪ್ಪಿಗೆ ಕೇಳಿಯೇ ಅವರನ್ನು ಕೃತಜ್ಞತೆಯಲ್ಲಿ ಹೆಸರಿಸಿದೆವು. ನನಗೆ ಅದು ಕಡಿಮೆಯೇ ಅನ್ನಿಸುತ್ತದೆ. ಪೇಪರ್ ಮೊನ್ನೆ ಕಳಿಸಿದೆವು.