ಅಪ್ಪನ ಮುಖದ ತುರಿಕೆಗೆ ಬದನೆಕಾಯಿಯೇ ಕಾರಣವೇ? ಚರ್ಮತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತುಮಕೂರು ಜಿಲ್ಲೆಯಿಂದ):
ನಮ್ಮ ತಂದೆಗೆ 56 ವರ್ಷ. ರಾಗಿ, ತೊಗರಿ ಬೆಳೆಯುವ ರೈತರು. ಮೂರು ವರ್ಷಗಳಿಂದ ಅವರ ಕಣ್ಣಿನ ರೆಪ್ಪೆ, ಕತ್ತು, ಕಿವಿಯ ಹಿಂಭಾಗ ಮತ್ತು ಮೊಣಕೈಯ ಒಳಮಡಿಕೆಯ ಚರ್ಮ ಕೆಂಪಾಗಿ, ದಪ್ಪಗಟ್ಟಿ, ರಾತ್ರಿಯಿಡೀ ತುರಿಸುತ್ತದೆ. ಮಳೆ ಶುರುವಾದ ಮೇಲೆ ಉಲ್ಬಣಿಸುತ್ತದೆ. ಬೆಂಗಳೂರಿನಲ್ಲಿ ನನ್ನ ಮನೆಗೆ ಬಂದು ಮೂರು ವಾರ ಇದ್ದಾಗ ಬಹುಪಾಲು ಇಳಿದಿತ್ತು. ರಕ್ತದಲ್ಲಿ ಅಲರ್ಜಿ ಪರೀಕ್ಷೆ ಮಾಡಿಸಿದೆವು. ಐಜಿಇ ಹೆಚ್ಚಿದೆ, ಬದನೆಕಾಯಿ, ಕಡಲೆಕಾಯಿ, ಮೊಟ್ಟೆ ಬಿಡಬೇಕು ಎಂದರು. ಬಿಟ್ಟು ಎಂಟು ತಿಂಗಳಾದರೂ ಗುಣವಾಗಿಲ್ಲ. ಮುಂದೆ ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ:
ಕಾಯಿಲೆಯ ಗುರುತನ್ನು ನೀವೇ ಬರೆದಿದ್ದೀರಿ. ರೋಗ ಎಲ್ಲಿ ಕಾಣಿಸಿಕೊಂಡಿದೆ, ಯಾವಾಗ ಹೆಚ್ಚುತ್ತದೆ, ಎಲ್ಲಿಗೆ ಹೋದಾಗ ಇಳಿಯುತ್ತದೆ ಎಂಬ ಮೂರು ವಿವರಗಳು ಸೇರಿದರೆ ನನಗೆ ಮೊದಲು ಅನುಮಾನ ಬರುವುದು ಹೊಲದ ಬದುವಿನಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ನಮ್ಮ ಕಡೆಯ ಕಾಂಗ್ರೆಸ್ ಗಿಡದ ಮೇಲೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಇಂದು ಕರ್ನಾಟಕದ ಯಾವ ಜಿಲ್ಲೆಯನ್ನೂ ಬಿಟ್ಟಿಲ್ಲ. ಅದರ ಎಲೆ, ಕಾಂಡದ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಬಟ್ಟೆ ಮುಚ್ಚದ ಜಾಗದ ಮೇಲೆ ಕೂರುತ್ತದೆ, ಬೆವರು ನಿಲ್ಲುವ ಮಡಿಕೆಗಳಲ್ಲಿ ಅಂಟಿಕೊಳ್ಳುತ್ತದೆ. ಬರೀ ಬಿಸಿಲಿನ ಅಲರ್ಜಿಯಾಗಿದ್ದರೆ ನೆರಳಿನಲ್ಲಿರುವ ಮೇಲ್ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಭಾಗ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ನಿಮ್ಮ ತಂದೆಗೆ ಅಲ್ಲೂ ಇದೆ ಎಂದಾದರೆ ಗಾಳಿಯಲ್ಲಿ ಬರುವ ವಸ್ತುವನ್ನೇ ಶಂಕಿಸಬೇಕು.

ರಕ್ತ ಪರೀಕ್ಷೆಯ ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದರಿಂದ ಹಣವನ್ನೂ ಹೊತ್ತಿನ ಊಟವನ್ನೂ ಕಳೆದುಕೊಂಡವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಐಜಿಇ ಎಂಬುದು ಸೀನು, ಆಸ್ತಮಾ, ತಿಂದ ಕೆಲವೇ ನಿಮಿಷಗಳಲ್ಲಿ ಏಳುವ ಪಿತ್ತಗಂಧೆ ಇವುಗಳಿಗೆ ಸಂಬಂಧಿಸಿದ ಪ್ರತಿಕಾಯ. ಹೊಟ್ಟೆಯಲ್ಲಿ ಜಂತುಹುಳವಿದ್ದರೂ ಅದು ಏರುತ್ತದೆ. ಸ್ಪರ್ಶದಿಂದ ಬರುವ ಅಲರ್ಜಿ ಟಿ-ಜೀವಕೋಶಗಳೆಂಬ ರೋಗನಿರೋಧಕ ರಕ್ತಕಣಗಳ ಕೆಲಸ. ಅದು ನಿಧಾನವಾಗಿ, ವಸ್ತು ತಾಗಿದ ಒಂದರಿಂದ ಮೂರು ದಿನಗಳ ಅವಧಿಯಲ್ಲಿ ಹೊರಬೀಳುವುದರಿಂದಲೇ ಸೋಮವಾರ ತಾಗಿದ ವಸ್ತುವನ್ನು ಬಿಟ್ಟು ಬುಧವಾರ ತಿಂದ ಬದನೆಕಾಯಿಯನ್ನು ಜನರು ದೂರುತ್ತಾರೆ. ಬದನೆಕಾಯಿ ನಂಜು ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಗಟ್ಟಿಯೆಂದರೆ ಆ ವರದಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ತಿಂದ ಕೂಡಲೇ ಬಾಯಿ, ತುಟಿ ಊದಿದ ಅನುಭವ ಎಂದೂ ಆಗಿಲ್ಲದಿದ್ದರೆ, ವೈದ್ಯರಿಗೆ ಹೇಳಿ ಆ ಪಥ್ಯವನ್ನು ನಿಲ್ಲಿಸಬಹುದು. ಮಾಡಿಸಬೇಕಾದದ್ದು ಪ್ಯಾಚ್ ಟೆಸ್ಟ್.

ಮರುಪ್ರಶ್ನೆ:
ಆ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ? ತಂದೆ ಈಗ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ. ಆ ಗಿಡದ ಎಲೆಯನ್ನೇ ತೋಳಿಗೆ ಕಟ್ಟಿ ನೋಡಬಹುದೇ?

ಉತ್ತರ:
ದಯವಿಟ್ಟು ಎಲೆ ಕಟ್ಟಬೇಡಿ. ಹಸಿ ಎಲೆಯಲ್ಲಿ ಪಾರ್ಥೆನಿನ್ ಎಷ್ಟಿದೆಯೆಂಬ ಅಳತೆಯಿಲ್ಲ. ಚರ್ಮ ಬೆಂದಂತಾಗಬಹುದು, ಮೈಯೆಲ್ಲ ಕೆರಳಬಹುದು.

1895ರಲ್ಲಿ ಯೋಸೆಫ್ ಯಾಡಾಸೊನ್ ಎಂಬ ಜರ್ಮನ್ ಚರ್ಮವೈದ್ಯರು ರೂಪಿಸಿದ ಈ ವಿಧಾನವು ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ. ಶಂಕಿತ ವಸ್ತುಗಳನ್ನು ಅಳೆದ ಪ್ರಮಾಣದಲ್ಲಿ ಚಿಕ್ಕ ಬಟ್ಟಲಿನಂಥ ಪಟ್ಟಿಗಳಲ್ಲಿಟ್ಟು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ. ನಮ್ಮಲ್ಲಿ ಬಳಸುವ ಭಾರತೀಯ ಸ್ಟ್ಯಾಂಡರ್ಡ್ ಸರಣಿಯಲ್ಲಿ ಪಾರ್ಥೇನಿಯಂ ಜೊತೆಗೆ ಸಿಮೆಂಟಿನ ಕ್ರೋಮೇಟ್, ನಕಲಿ ಒಡವೆಯ ನಿಕ್ಕಲ್, ಕೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಸುಗಂಧದ್ರವ್ಯ, ರಬ್ಬರಿನ ರಾಸಾಯನಿಕಗಳು, ಗಾಯದ ಮುಲಾಮಿನ ನಿಯೋಮೈಸಿನ್ ಇವೆಲ್ಲ ಇರುತ್ತವೆ. 48 ಗಂಟೆಗಳ ಬಳಿಕ ಪಟ್ಟಿ ಬಿಚ್ಚಿ ಒಮ್ಮೆ, 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಆ ಎರಡನೇ ಭೇಟಿಯನ್ನು ತಪ್ಪಿಸಬಾರದು: ಬರೀ ಉರಿಯಿಂದಾದ ಕೆಂಪು ಆ ಹೊತ್ತಿಗೆ ಸಾಮಾನ್ಯವಾಗಿ ಮಾಸುತ್ತದೆ, ನಿಜವಾದ ಅಲರ್ಜಿಯು ಉಳಿಯುತ್ತದೆ ಅಥವಾ ಇನ್ನಷ್ಟು ಎದ್ದು ಕಾಣುತ್ತದೆ.

ಸ್ಟೀರಾಯ್ಡ್ ಮಾತ್ರೆಯು ಫಲಿತಾಂಶವನ್ನು ಮುಚ್ಚಿಹಾಕಬಹುದು, ಆದರೆ ಅದನ್ನು ನೀವಾಗಿಯೇ ನಿಲ್ಲಿಸುವುದು ಅಪಾಯಕಾರಿ. ಬರೆದುಕೊಟ್ಟ ವೈದ್ಯರೇ ಇಳಿಸಬೇಕು. ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಒಂದು ವಾರ ಮೊದಲೇ ಬಿಡಬೇಕು. ತುರಿಕೆಯ ಸೆಟಿರಿಜಿನ್ ಮಾದರಿಯ ಮಾತ್ರೆಗಳನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ರೋಗ ಕೆರಳಿರುವಾಗ ಪರೀಕ್ಷೆ ಬೇಡ. ಕೊನೆಯ ನೋಟದವರೆಗೂ ಬೆನ್ನಿಗೆ ನೀರು ತಾಗಬಾರದು, ಬೆವರುವ ಕೆಲಸ ಮಾಡಬಾರದು. ಆದ್ದರಿಂದ ಬಿತ್ತನೆಯೋ ಕೊಯ್ಲೋ ಇಲ್ಲದ ವಾರವನ್ನು ಆರಿಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಮಹಿಳೆಯಿಂದ):
ಸ್ಟಿಕ್ಕರ್ ಬಿಂದಿ ಇಡುವ ಜಾಗ ಮೊದಲು ತುರಿಸುತ್ತಿತ್ತು, ಈಗ ಬೆಳ್ಳಗಾಗಿದೆ. ಇದು ತೊನ್ನೇ?

ಉತ್ತರ:
ಬಿಂದಿಯಷ್ಟೇ ಅಗಲದಲ್ಲಿ ಬೆಳ್ಳಗಾಗಿದ್ದರೆ ಅಂಟಿನಲ್ಲಿರುವ ಪ್ಯಾರಾ-ಟರ್ಷಿಯರಿ ಬ್ಯೂಟೈಲ್‌ಫೀನಾಲ್ ಎಂಬ ಜಾತಿಯ ರಾಳವನ್ನು ಶಂಕಿಸುತ್ತೇನೆ. ಅದು ಅಲರ್ಜಿಯನ್ನೂ ತರಬಲ್ಲದು, ಚರ್ಮದ ಬಣ್ಣವನ್ನೂ ಕಳೆಯಬಲ್ಲದು. ಇಂದಿನಿಂದಲೇ ಅಂಟಿನ ಬಿಂದಿ ನಿಲ್ಲಿಸಿ, ಚರ್ಮತಜ್ಞರಿಗೆ ತೋರಿಸಿ. ಹೋಗುವಾಗ ಬಿಂದಿಯ ಪಟ್ಟಿಯನ್ನೂ ಒಯ್ಯಿರಿ.

ಮೊದಲ ಪ್ರಶ್ನೆ ಕೇಳಿದವರು, ಆರು ವಾರಗಳ ನಂತರ:
ಪರೀಕ್ಷೆಯಾಯಿತು. ಪಾರ್ಥೇನಿಯಂಗೆ ಮೂರು ಪ್ಲಸ್, ನಿಕ್ಕಲ್‌ಗೆ ಒಂದು ಪ್ಲಸ್ ಬಂದಿದೆ. ಹೊಲ ಬಿಡಲು ತಂದೆ ಒಪ್ಪುವುದಿಲ್ಲ.

ಉತ್ತರ:
ಪ್ಲಸ್ ಹೆಚ್ಚಿದಷ್ಟೂ ಪ್ರತಿಕ್ರಿಯೆ ತೀವ್ರ ಎಂದರ್ಥ; ಒಂದು ಪ್ಲಸ್ ಬಂದ ಮಾತ್ರಕ್ಕೆ ನಿಕ್ಕಲ್ ಈ ಕಾಯಿಲೆಯ ಕಾರಣವಾಗುವುದಿಲ್ಲ. ಗಡಿಯಾರದ ಪಟ್ಟಿ, ಉಡಿದಾರದ ಗುಂಡಿ ತಾಗುವಲ್ಲಿ ಎಂದೂ ತುರಿಸಿಲ್ಲವಾದರೆ ಅದನ್ನು ಬರೆದಿಟ್ಟುಕೊಂಡರೆ ಸಾಕು. ಪಾರ್ಥೇನಿಯಂ ಫಲಿತಾಂಶವಾದರೋ ಅವರ ಬದುಕಿನ ವಿವರಗಳಿಗೆ ಅಕ್ಷರಶಃ ಹೊಂದುತ್ತದೆ.

ಹೊಲ ಬಿಡಿ ಎಂದು ರೈತನಿಗೆ ಹೇಳುವುದು ನನ್ನಿಂದಾಗದು. ಆದರೆ ಆ ಕಳೆಯನ್ನು ಅವರು ಕೈಯಿಂದ ಕೀಳಬಾರದು. ಅಲರ್ಜಿಯಿಲ್ಲದ ಬೇರೆಯವರು ಕೈಗವಸು ತೊಟ್ಟು, ಹೂ ಬಿಡುವ ಮೊದಲೇ ಮನೆಯ ಸುತ್ತಲಿನದನ್ನು ಕೀಳಲಿ. ಹೊಲಕ್ಕೆ ತುಂಬುತೋಳಿನ ಅಂಗಿ ತೊಡಲಿ, ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಲಿ, ಒಗೆದದ್ದನ್ನು ಕಳೆಯಿರುವ ಬಯಲಿನಲ್ಲಿ ಒಣಗಿಸಬೇಡಿ. ಇನ್ನೊಂದು ಮಾತನ್ನು ಯಾರೂ ಹೇಳಿರಲಾರರು: ಸೇವಂತಿಗೆ, ಸೂರ್ಯಕಾಂತಿ ಇದೇ ಸಸ್ಯಕುಟುಂಬದವು, ಅವುಗಳಿಗೂ ಅವರ ಚರ್ಮ ಕೆರಳಬಹುದು. ಪೂಜೆಯ ಹೂವನ್ನು ಅವರೇ ಬಿಡಿಸಿ ಕಟ್ಟುವ ರೂಢಿಯಿದ್ದರೆ ಸದ್ಯಕ್ಕೆ ಮಲ್ಲಿಗೆ, ದಾಸವಾಳ ಸಾಕು. ಇಷ್ಟಾದರೂ ಮುಂದಿನ ಮಳೆಗಾಲದಲ್ಲಿ ಉಲ್ಬಣಿಸಿದರೆ ರೋಗನಿರೋಧಕ ವ್ಯವಸ್ಥೆಯ ಕೆರಳುವಿಕೆಯನ್ನು ತಗ್ಗಿಸುವ ಅಜಥಯೋಪ್ರಿನ್‌ನಂಥ ಮಾತ್ರೆಗಳಿವೆ. ಅವನ್ನು ಆಗಾಗ ರಕ್ತಕಣಗಳನ್ನೂ ಯಕೃತ್ತನ್ನೂ ಪರೀಕ್ಷಿಸುತ್ತಾ ಕೊಡಬೇಕಾಗುವುದರಿಂದ, ಜೂನ್‌ಗೆ ಮೊದಲೇ ಒಮ್ಮೆ ನಿಮ್ಮ ಚರ್ಮತಜ್ಞರನ್ನು ಕಾಣಿರಿ.