ಸಹಾಯ ಬೇಕು: ಕ್ಯಾಂಪ್ ಪಾತ್ರೆಗೆ ಬಿಸಿ ಉಳಿಸುವ ಕವರ್

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದವರು. ಊರಾಚೆ ಗೆಳೆಯರ ತೋಟದಲ್ಲಿ ಆಗಾಗ ಟೆಂಟ್ ಹಾಕುತ್ತೇವೆ. ಜೋಗಿಮಟ್ಟಿ ಕಡೆಯ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ! ಒಲೆಯಿಂದ ಇಳಿಸಿದ ನವಣೆ ಬಿಸಿಬೇಳೆಬಾತ್ ಎರಡನೇ ಸಲ ಬಡಿಸುವ ಹೊತ್ತಿಗೆ ಆರಿ ಗಟ್ಟಿಯಾಗಿರುತ್ತದೆ.

ಟವೆಲ್ ಸುತ್ತಿ ನೋಡಿದೆ. ಆವಿಗೆ ಒದ್ದೆಯಾಯಿತು, ಆಮೇಲೆ ಬಿಸಿ ನಿಲ್ಲಲೇ ಇಲ್ಲ. ಕಾರಿನ ಗಾಜಿಗೆ ಇಡುವ ಬೆಳ್ಳಿ ಬಣ್ಣದ ಬಬಲ್ ಶೀಟ್ ಕತ್ತರಿಸಿ, ಫಾಯಿಲ್ ಟೇಪ್ ಹಚ್ಚಿ ಟೋಪಿ ತರಹ ಕವರ್ ಮಾಡಿದೆ. ಪರವಾಗಿಲ್ಲ, ಆದರೆ ಮುಚ್ಚಳದ ಅಂಚಿನಲ್ಲಿ ಆವಿ ಹೋಗುತ್ತದೆ, ತಳ ನೆಲಕ್ಕೆ ತಾಗಿ ಬೇಗ ಆರುತ್ತದೆ. ಅಂಗಡಿಯ ಜಿಪ್ ಬ್ಯಾಗಿನಲ್ಲಿ ನಮ್ಮ ಅಗಲ ಪಾತ್ರೆ ಹಿಡಿಸುವುದಿಲ್ಲ. ಹಾಟ್‌ಬಾಕ್ಸ್ ಹೊರುವುದಕ್ಕೆ ಭಾರ.

ಗೊಂದಲ ಇಷ್ಟೇ. ಫಾಯಿಲ್‌ನ ಹೊಳೆಯುವ ಮೈ ಶಾಖವನ್ನು ವಾಪಸ್ ಕಳಿಸಬೇಕಾದರೆ ಪಾತ್ರೆಗೂ ಅದಕ್ಕೂ ನಡುವೆ ಸಂದು ಇರಬೇಕು. ಆದರೆ ಸಂದು ಬಿಟ್ಟರೆ ಗಾಳಿ ನುಗ್ಗಿ ಬಿಸಿಯನ್ನೆಲ್ಲ ಹೊಡೆದುಕೊಂಡು ಹೋಗಲ್ವಾ? 60 ಡಿಗ್ರಿಗಿಂತ ಕೆಳಗೆ ಜಾಸ್ತಿ ಹೊತ್ತು ಇಟ್ಟರೆ ಊಟ ಕೆಡುವ ಭಯ ಬೇರೆ, ಜೊತೆಗೆ ಮಕ್ಕಳಿರುತ್ತಾರೆ.

ಮಾಡಿ ನೋಡಿದವರು ಹೇಳಿ: ಕವರ್ ಪಾತ್ರೆಗೆ ಬಿಗಿಯಾಗಿ ಕೂರಬೇಕಾ, ಇಲ್ಲಾ ಬೆರಳಿನಷ್ಟು ಸಂದು ಬಿಡಬೇಕಾ? ತಳಕ್ಕೆ ಏನು ಹಾಕಬೇಕು?